ನೆಳ್ಳಿನ ಅಳತಿ

ಉಮದಿ ದಾಟಿ ಸಂಖದ ಹಾದಿಗೆ
ಬಾಬುರಾವ ಮಾಲಕರ ದ್ರಾಕ್ಷಿ ಪಡ.
ಸಾಲಿಗಿಬ್ಬರಂಗ ಹದಿನಾಲ್ಕು ಹೆಣ್ಣಾಳು ನಾವು,
ಉಡಿಯೊಳಗ ರದ್ದಿ ಪೇಪರ,
ತುಟಿಯೊಳಗ ಪಿನ್ನು.

"ಒಂದೂ ಗೊನಿ ಬಿಸಲಿಗಿ ಮಾರಿ ತೋರಸಬಾರದು,
ಕಲಿ ಬಿತ್ತಂದ್ರ ವ್ಯಾಪಾರಿ ಮೂಸಿನೂ ನೋಡೂದಿಲ್ಲ"
ಅಂತ ಮುಕಾದಮ ಸಿದ್ರಾಮ.
ಸುತ್ತಿದೆ.
ಒಂದು ಗೊನಿಗೆ ಮರಾಠಿ ಪೇಪರಿನ ವಧು ಬೇಕಾಗಿದೆ,
ಒಂದಕ್ಕ ಕನ್ನಡದ ವಾರಭವಿಷ್ಯ,
ಇನ್ನೊಂದಕ್ಕ ಯಾರದೋ ತಿಥಿಯ ಫೋಟೋ.
ನಿನ್ನ ಭಾಷಾ ಯಾವುದು ಅಂತ ಬಳ್ಳಿ ಕೇಳಲಿಲ್ಲ,
ನೆಳ್ಳು ಬಿದ್ದರ ಸಾಕಿತ್ತು ಅದಕ್ಕ.

ನಾ ಪಡುವಣ ಕಡೀ ಸಾಲಿನಾಕಿ.
ಎಲಿ ತೆಳ್ಳಗ ಅಲ್ಲಿ.
ಸಂಕ್ರಾಂತಿ ಮುಗದಿದ್ದರೂ ಗಾಳಿ ತಣ್ಣಗ ಬೀಸತಿತ್ತು,
ಸೆಕಿ ಇಲ್ಲ, ಬೆವರಿಲ್ಲ,
ಅದಕ್ಕೇ ತಿಳೀಲಿಲ್ಲ,
ಮುಂಜಾನಿಂದ ಬಗ್ಗಿದ ಕುತಗಿಮ್ಯಾಲೆ
ಸೂರ್ಯ ಸುಮ್ಮನ ಕೆಲಸ ಮಾಡತಿದ್ದ, ನನ್ನಂಗ,
ಊಟಕ್ಕೂ ಏಳದ.

ರಾತ್ರಿ ತಲಿದಿಂಬು ಮುಳ್ಳಾತು.
"ಕರೀ ಮೈಗೆ ಬಿಸಲು ಏನ ಮಾಡತೈತಿ?
ಸುಡೂದು ಬೆಳ್ಳನ್ನವರಿಗೆ" ಅಂದಳು ಅತ್ತಿ.
ಮೂವತ್ತಾರು ವರ್ಷ ನಾನೂ ಹಂಗ ನಂಬಿದಾಕಿ.
ಕನ್ನಡಿ ಹಿಡದೆ. ಕೆಂಪು ಕಾಣಲಿಲ್ಲ.
ಒಲಿಮ್ಯಾಲಿನ ಹಂಚು ಕಂಡಿತು.
ಹಂಚು ಕರ್ರಗೈತಿ ಅಂತ
ಅದಕ್ಕ ಉರಿ ಗೊತ್ತಿಲ್ಲೇನು?

ನಾಲ್ಕನೇ ದಿನಕ್ಕ ಹುರದ ಶೇಂಗಾದ ತೊಗಟಿಯಂಗ
ತೊಗಲು ಉದುರಿತು ಕುಬಸದೊಳಗ.

ಉಪಕೇಂದ್ರದ ನರ್ಸಬಾಯಿ ಚಂದ್ರಭಾಗಾ
ತನ್ನ ಅಂಗೈ ಹಿಂಬದಿ ನನ್ನ ಕುತಗಿಗಿಟ್ಟು
ಅರ್ಧ ಮರಾಠಿ ಅರ್ಧ ಕನ್ನಡದಾಗ ಹೇಳಿದಳು:
ನಿನ್ನ ಮೈಮ್ಯಾಲೆ ಕೆಂಪು ಹುಡುಕಬ್ಯಾಡ, ಬಿಸಿ ಹುಡುಕು.
ಅರಿಷಿಣ ಬ್ಯಾಡ, ತುಪ್ಪ ಬ್ಯಾಡ,
ಹಲ್ಲಿನ ಪೇಸ್ಟಂತೂ ಮೊದಲ ಬ್ಯಾಡ.
ತಣ್ಣೀರ ಅರಬಿ ಹಾಕು, ನೀರು ಕುಡಿ,
ಗುಳ್ಳಿ ಎದ್ದರ ಒಡೀಬ್ಯಾಡ, ಅದು ತೊಗಲು ಕಟ್ಟಿದ ಚಪ್ಪರ.
ಮುಲಾಮು ಐತಿ ಪ್ಯಾಟ್ಯಾಗ,
ಅಂದು ನನ್ನ ಪಗಾರ ನೆನಸಿ ತಾನೇ ನಕ್ಕಳು.
ಆಮ್ಯಾಲೆ ಅಂಗಳಕ್ಕ ಕರದು ನಿಲ್ಲಿಸಿ
ನೆಲ ತೋರಿಸಿದಳು:
"ನಿನ್ನ ನೆಳ್ಳು ನಿನಗಿಂತ ಗಿಡ್ಡ ಆತಂದ್ರ
ಗಿಡದ ಬುಡಕ ನಡಿ.
ಈ ಗಡಿಯಾರಕ್ಕ ಕೀಲಿ ಬ್ಯಾಡ."

ಈಗ ಗಂಡನ ತುಂಬುತೋಳಿನ ಅಂಗಿ ಸೀರಿಮ್ಯಾಲೆ,
ಕಾಲರ ಎತ್ತಿ, ಕೊನೀ ಗುಂಡಿತನಕ ಹಾಕಿ,
ಮ್ಯಾಲೆ ಸೆರಗು.
ಪಕ್ಕದ ಸಾಲಿನ ತಾನುಬಾಯಿ ನಕ್ಕಳು ಮೊದಲ ದಿನ,
ಮೂರನೇ ದಿನ ಆಕಿನೂ ಮೈದುನನ ಅಂಗಿಯೊಳಗ.

ಬೇದಾಣಾ ಶೆಡ್ಡಿನಾಗ
ಹಸರು ಪರದಿ ಕಟ್ಟಿ ಹಣ್ಣು ಒಣಗಸ್ತಾರ,
ನೆಳ್ಳಿಗೆ ಒಣಗಿದ್ದು ಹಸರ ಉಳೀತೈತಿ,
ಬಿಸಲಿಗೆ ಬಿದ್ದದ್ದು ಕರಗಾಗಿ ರೇಟ ಕಳಕೋತೈತಿ.
ಇದನ್ನ ಮಾಲಕರು ಬಂದವರಿಗೆಲ್ಲ ಹೇಳತಾರ,
ನಮ್ಮ ಮುಂದನ, ನಾವು ಬಿಸಲಾಗ ನಿಂತಾಗ.

ಮಧ್ಯಾಹ್ನ ಹನ್ನೆರಡಕ್ಕ
ನಾನು ನನ್ನ ನೆಳ್ಳು ಪಾದದಿಂದ ಅಳದೆ.
ಮೂರೂವರಿ.
ಬಾಲವಾಡಿಗೆ ಹೋಗೂ ಹುಡುಗಿಯಷ್ಟು ಉದ್ದ.
"ಮುಕಾದಮ, ಏಳಕ್ಕ ಬರತೀವಿ, ಹನ್ನೊಂದಕ್ಕ ಬಿಡತೀವಿ,
ಹೊತ್ತು ವಾಲಿದಮ್ಯಾಲೆ ಮತ್ತ ಹಿಡೀತೀವಿ" ಅಂದೆ.
"ಮಾಲಕರು ಒಪ್ಪಬೇಕಲ್ಲ" ಅಂದ,
ಟೋಪಿ ಸರಿಮಾಡಿಕೊಂಡ.

ಆಗ ಕಂಡದ್ದು:
ಆ ಬಿಳೀ ಟೋಪಿಗೆ ಅಂಚಿಲ್ಲ,
ಅವನ ಎರಡೂ ಕಿವಿ ತುದಿ ಸುಲದು
ಒಳಗಿನ ಎಳೀ ತೊಗಲು ಇಣುಕತಿತ್ತು.
ಮುಟ್ಟಲಿಲ್ಲ ನಾ, ಗಂಡಸಿನ ಕಿವಿ.
"ಉರೀತೈತೇನು?" ಅಂದೆ.
ಸಿದ್ರಾಮ ಮಾತಾಡಲಿಲ್ಲ. ದೂರದ ಬೇವಿನ ಗಿಡ ನೋಡಿದ,
ಗೊನಿ ಎಣಿಸಿದಂಗ ಮಾಡಿದ,
ಕಡೀಕ ನನ್ನ ಉಡಿಯಿಂದ
ಒಂದು ಹಾಳಿ ಪೇಪರ ಹಿರಕೊಂಡ.